ವೀಸಾ ನಿರಾಕರಣೆಯೂ ಮರು ಅರ್ಜಿಯೂ

ಸಂಘದ ಕಚೇರಿಗೆ ಸದಸ್ಯರು ಬರುವ ಕಾರಣಗಳು ಹಿಂದೆ ನಾಲ್ಕೈದೇ ಇದ್ದವು. ಗೊಬ್ಬರ, ಮೈಲುತುತ್ತ, ಬೆಳೆ ಸಾಲ, ಮಾಲು ಹಾಕುವ ದಿನ, ಲೆಕ್ಕದ ಬಾಕಿ. ಈಚಿನ ವರ್ಷಗಳಲ್ಲಿ ಇವುಗಳ ಸಾಲಿಗೆ ಇನ್ನೊಂದು ಸೇರಿದೆ. ಮಗ ಅಮೆರಿಕದಲ್ಲಿ, ಮಗಳು ಇಂಗ್ಲೆಂಡಿನಲ್ಲಿ, ತಮ್ಮನ ಮಗ ಜರ್ಮನಿಯಲ್ಲಿ. ಒಮ್ಮೆ ನೋಡಿ ಬರೋಣವೆಂದು ಅರ್ಜಿ ಹಾಕಿದರೆ ವೀಸಾ ಇಲ್ಲವೆಂದು ಬಂತು, ಇನ್ನೇನು ಮಾಡುವುದು ಎಂಬ ಪ್ರಶ್ನೆ. ನಾವು ವಕೀಲರಲ್ಲ, ಏಜೆಂಟರೂ ಅಲ್ಲ. ಆದರೆ ಹೀಗೆ ನಿರಾಕರಣೆಯ ಕಾಗದ ಹಿಡಿದು ಬಂದ ಸದಸ್ಯರೊಡನೆ ಕುಳಿತು, ಅವರ ಕಾಗದಪತ್ರಗಳನ್ನೂ ಆಯಾ ದೇಶದ ನಿಯಮಗಳನ್ನೂ ಓದಿ ನೋಡಿದ ಮೇಲೆ ನಮಗೆ ತಿಳಿದುಬಂದ ಕೆಲವು ಸಂಗತಿಗಳನ್ನು ಉಳಿದವರ ಉಪಯೋಗಕ್ಕಾಗಿ ಇಲ್ಲಿ ಬರೆಯುತ್ತಿದ್ದೇವೆ.

ಬಾಬಾ ಬುಡನ್ ಅವರು ಯೆಮನ್ನಿನಿಂದ ಏಳು ಕಾಫಿ ಬೀಜ ತಂದರೆಂಬ ಐತಿಹ್ಯ ನಮಗೆಲ್ಲ ಗೊತ್ತು. ಅವರನ್ನು ದಾರಿಯಲ್ಲಿ ಯಾರೂ ಬ್ಯಾಂಕಿನ ಲೆಕ್ಕ ಕೇಳಿದಂತೆ ಕಾಣುವುದಿಲ್ಲ. ಆಮೇಲೆ ನಮ್ಮ ಬೆಟ್ಟಗಳಿಗೆ ಬಂದು ತೋಟ ಮಾಡಿದ ಇಂಗ್ಲಿಷ್ ದೊರೆಗಳನ್ನೂ ಯಾರೂ ಕೇಳಲಿಲ್ಲ. ನಮ್ಮವರು ಬ್ರಿಟನ್ನಿಗೆ ಭೇಟಿ ಕೊಡಲು ಮುಂಚಿತವಾಗಿ ವೀಸಾ ಪಡೆಯಲೇಬೇಕೆಂಬ ಕಟ್ಟಳೆ ಬಂದದ್ದು 1986ರಲ್ಲಿ. ಅದಕ್ಕೂ ಮೊದಲು ಹೋಗಿ ಬಂದ ಹಿರಿಯರು ಈಗಿನವರ ಪರದಾಟ ನೋಡಿ ನಗುವುದುಂಟು. ಆ ಕಾಲ ಹೋಯಿತು.

ಮೊದಲು ಒಂದು ಭೇದವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಪಾಸ್‌ಪೋರ್ಟು ಬೇರೆ, ವೀಸಾ ಬೇರೆ. 1967ರಲ್ಲಿ ಸತ್ವಂತ್ ಸಿಂಗ್ ಸಾಹ್ನಿಯವರ ಮೊಕದ್ದಮೆಯಲ್ಲಿ ನಮ್ಮ ಸುಪ್ರೀಂ ಕೋರ್ಟು ವಿದೇಶಕ್ಕೆ ಪ್ರಯಾಣ ಮಾಡುವುದು ವ್ಯಕ್ತಿಸ್ವಾತಂತ್ರ್ಯದ ಭಾಗವೆಂದು ತೀರ್ಪಿತ್ತಿತು. ಪಾಸ್‌ಪೋರ್ಟ್ ಕಾಯ್ದೆ ಬಂದದ್ದೂ ಅದೇ ವರ್ಷ. ಆದ್ದರಿಂದ ಪಾಸ್‌ಪೋರ್ಟನ್ನು ಸಕಾರಣವಿಲ್ಲದೆ ನಿರಾಕರಿಸಿದರೆ ನಾವು ಸರಕಾರವನ್ನು ಕೇಳಬಹುದು, ಕೋರ್ಟಿಗೂ ಹೋಗಬಹುದು. ವೀಸಾ ಹಾಗಲ್ಲ. ಅದು ಇನ್ನೊಬ್ಬರ ಮನೆಯ ಬಾಗಿಲು. ತೆರೆಯುವುದು ಬಿಡುವುದು ಅವರಿಗೆ ಸೇರಿದ್ದು. ಹೀಗಿರುವಾಗ "ನಮ್ಮನ್ನು ಕಳ್ಳರೆಂದು ತಿಳಿದರೇ" ಎಂದು ಕೊರಗುವುದರಲ್ಲಿ ಅರ್ಥವಿಲ್ಲ. ಅವರು ಏನನ್ನು ನೋಡಿ ಇಲ್ಲವೆಂದರು ಎಂಬುದನ್ನು ತಿಳಿಯುವುದರಲ್ಲಿ ಅರ್ಥವಿದೆ.

ಮೂರು ನಿಮಿಷದ ಸಂದರ್ಶನ

ನಮ್ಮ ಸದಸ್ಯ ದಂಪತಿಗಳೊಬ್ಬರ ಸಂಗತಿಯನ್ನು ಅವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇವೆ. ಎಂಟು ಎಕರೆ ರೋಬಸ್ಟಾ, ಅದರ ನೆರಳು ಮರಗಳಿಗೆ ಹಬ್ಬಿಸಿದ ಮೆಣಸು, ನಾಲ್ಕು ಎಕರೆ ಅಡಿಕೆ. ಒಬ್ಬಳೇ ಮಗಳು ಅಮೆರಿಕದ ಟೆಕ್ಸಾಸಿನಲ್ಲಿ. ಚೊಚ್ಚಲ ಹೆರಿಗೆ ನವೆಂಬರಿನಲ್ಲಿ. ಬಾಣಂತನಕ್ಕೆ ತಾಯಿ ಹೋಗದೆ ಇನ್ನಾರು ಹೋಗುತ್ತಾರೆ? ಪೇಟೆಯ ಏಜೆಂಟರೊಬ್ಬರಿಂದ ಅರ್ಜಿ ತುಂಬಿಸಿ, ಶುಲ್ಕ ಕಟ್ಟಿ, ಗಂಡಹೆಂಡತಿ ಇಬ್ಬರೂ ಚೆನ್ನೈಗೆ ಹೋದರು. ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾದದ್ದು 2025ರ ಜನವರಿಯಲ್ಲಿ. ಆಗಲೂ ಅಲ್ಲಿ ವೀಸಾ ಕೆಲಸ ಆರಂಭವಾಗಿರಲಿಲ್ಲ. ಹಾಗಾಗಿ ನಮ್ಮ ಕಡೆಯವರಿಗೆ ಚೆನ್ನೈ ಅಥವಾ ಹೈದರಾಬಾದೇ ಗತಿಯಾಗಿತ್ತು.

ಮೊದಲ ದಿನ ಬೆರಳಚ್ಚು, ಭಾವಚಿತ್ರ. ಮರುದಿನ ಸಂದರ್ಶನ. ಕೈಯಲ್ಲಿ ಎರಡು ಕಿಲೋ ಕಾಗದ. ಗಾಜಿನ ಆಚೆ ಕುಳಿತಿದ್ದ ಅಧಿಕಾರಿ ಒಂದನ್ನೂ ಕೇಳಲಿಲ್ಲ. ಮೂರೇ ಪ್ರಶ್ನೆ.

"ಎಷ್ಟು ದಿನ ಇರುತ್ತೀರಿ?"

"ಆರು ತಿಂಗಳು."

"ಏನು ಕೆಲಸ?"

"ಅಗ್ರಿಕಲ್ಚರ್."

"ವರ್ಷದ ವರಮಾನ ಎಷ್ಟು?"

ಇದಕ್ಕೆ ಯಜಮಾನರು ಕೊಟ್ಟ ಉತ್ತರವನ್ನು ಅವರ ಮಾತಿನಲ್ಲೇ ಹೇಳಬೇಕು. "ನಾನೇನ್ ಹೇಳ್ಲಿ ಸ್ವಾಮಿ, ಅದು ಮಳೆ ಮೇಲೆ, ರೇಟಿನ ಮೇಲೆ ಅಂದೆ. ಸುಳ್ಳು ಹೇಳೋಕಾಗುತ್ತಾ?" ಅಧಿಕಾರಿ ಒಂದು ಮುದ್ರಿತ ಕಾಗದ ಕೊಟ್ಟು ಪಾಸ್‌ಪೋರ್ಟು ಹಿಂತಿರುಗಿಸಿದರು. ಮೂರು ನಿಮಿಷವೂ ಆಗಿರಲಿಲ್ಲ.

ಮಗಳ ಹೆರಿಗೆ ತಾಯಿಯಿಲ್ಲದೆಯೇ ಆಯಿತು. ಪಕ್ಕದ ಮನೆಯ ತಮಿಳು ಹೆಂಗಸೊಬ್ಬರು ಮೆಣಸಿನ ಸಾರು ಮಾಡಿ ತಂದುಕೊಟ್ಟರಂತೆ. ಇಲ್ಲಿ ನಮ್ಮ ಈ ತಾಯಿ ಒಣಗಿಸಿ ಡಬ್ಬಿಗೆ ತುಂಬಿದ್ದ ಬಾಣಂತಿ ಮದ್ದು ಹಾಗೆಯೇ ಉಳಿಯಿತು. ಆ ಕುಯ್ಲಿನಲ್ಲಿ ಅವರು ಸಂಘಕ್ಕೆ ಬಂದಾಗ ಯಾರೂ ಆ ಮಾತು ಎತ್ತಲಿಲ್ಲ.

ಯಜಮಾನರ ಉತ್ತರದಲ್ಲಿ ಸುಳ್ಳು ಒಂದಕ್ಷರ ಇರಲಿಲ್ಲ. ನಮ್ಮಲ್ಲಿ ಯಾರನ್ನು ಕೇಳಿದರೂ ಅದೇ ಉತ್ತರ ಬಂದೀತು. ಆದರೆ ಗಾಜಿನ ಆಚೆಗಿರುವವರಿಗೆ ಅದು ಹೇಗೆ ಕೇಳಿಸಿತು? ವರಮಾನ ಎಷ್ಟೆಂದು ತನಗೇ ಗೊತ್ತಿಲ್ಲದ, ಅರ್ಧ ವರ್ಷ ಊರು ಬಿಟ್ಟಿದ್ದರೂ ಏನೂ ಕೆಡದ, ಒಬ್ಬಳೇ ಮಗಳು ಅಮೆರಿಕದಲ್ಲಿರುವ ಮನುಷ್ಯ. ನಾವು ಅರ್ಜಿಯ ಪ್ರತಿ ತರಿಸಿ ನೋಡಿದೆವು. ಏಜೆಂಟರು ತಿಂಗಳ ವರಮಾನದ ಜಾಗದಲ್ಲಿ 20,000 ರೂಪಾಯಿ ಎಂದು ತಮಗೆ ತೋಚಿದ್ದನ್ನು ತುಂಬಿದ್ದರು. ಹನ್ನೆರಡು ಎಕರೆ ತೋಟದ ಮಾತೇ ಎಲ್ಲಿಯೂ ಇರಲಿಲ್ಲ. ಆರು ತಿಂಗಳು ಏಕೆಂದು ಕೇಳಿದಾಗ, "ಟಿಕೇಟಿಗೆ ಅಷ್ಟು ದುಡ್ಡು ಕೊಟ್ಟು ಎರಡು ತಿಂಗಳಿಗೆ ವಾಪಸ್ ಬರೋದಾ" ಎಂದರು ಯಜಮಾನರು. ಅಕ್ಟೋಬರಿನಿಂದ ಮಾರ್ಚಿಯವರೆಗೆ, ಅಂದರೆ ಅಡಿಕೆ ಕೊಯ್ಲು, ಕಾಫಿ ಕುಯ್ಲು, ಒಣಗಿಸುವುದು, ಮಾರುವುದು ಎಲ್ಲವನ್ನೂ ಬಿಟ್ಟು ದೂರ ಇರುವ ಬೆಳೆಗಾರ ಎಂಥ ಬೆಳೆಗಾರ? ಅಧಿಕಾರಿಗೆ ನಮ್ಮ ಕುಯ್ಲಿನ ತಿಂಗಳು ಗೊತ್ತಿದ್ದಿರಲಾರದು. ಆದರೂ ಆ ಉತ್ತರ ನಮ್ಮ ಕಸುಬಿಗೇ ಒಪ್ಪದ ಉತ್ತರವಾಗಿತ್ತು.

ಅಮೆರಿಕದ ಕಾನೂನು ಹೇಳುವುದೇನು

ಅವರಿಗೆ ಕೊಟ್ಟ ಕಾಗದದಲ್ಲಿದ್ದ ಕಲಮು 214(ಬಿ). ಇದು ಅಮೆರಿಕದ 1952ರ ವಲಸೆ ಮತ್ತು ರಾಷ್ಟ್ರೀಯತೆ ಕಾಯ್ದೆಯದು. ಭೇಟಿಗೆಂದು ಬರುವ ಪ್ರತಿಯೊಬ್ಬನನ್ನೂ ಅಲ್ಲೇ ನೆಲೆಸಲು ಬರುವವನೆಂದೇ ಭಾವಿಸತಕ್ಕದ್ದು, ಹಾಗಲ್ಲವೆಂದು ಅಧಿಕಾರಿಗೆ ಮನವರಿಕೆ ಮಾಡಿಕೊಡುವ ಹೊಣೆ ಅರ್ಜಿದಾರನದೇ ಎಂದು ಅದರ ತಾತ್ಪರ್ಯ. ನಮ್ಮ ಕೋರ್ಟುಗಳಲ್ಲಿ ತಪ್ಪು ಸಿದ್ಧವಾಗುವವರೆಗೆ ನಿರಪರಾಧಿ. ಇಲ್ಲಿ ತಲೆಕೆಳಗು. ಇದನ್ನು ತಿಳಿದು ಹೋದವನಿಗೂ ತಿಳಿಯದೆ ಹೋದವನಿಗೂ ಬಹಳ ಅಂತರ.

ಈ ಕಲಮಿನ ನಿರಾಕರಣೆಗೆ ಮೇಲ್ಮನವಿ ಇಲ್ಲ. ಆದರೆ ಅದು ಶಾಶ್ವತ ನಿಷೇಧವೂ ಅಲ್ಲ. ಆ ಹೊತ್ತಿನ ಆ ಅರ್ಜಿಗೆ ಮಾತ್ರ ಸಂಬಂಧಿಸಿದ್ದು. ಮತ್ತೆ ಯಾವಾಗ ಬೇಕಾದರೂ ಅರ್ಜಿ ಹಾಕಬಹುದು, ಇಷ್ಟು ತಿಂಗಳು ಕಾಯಬೇಕೆಂಬ ನಿಯಮವಿಲ್ಲ. ಆದರೆ ಹೊಸ ಅರ್ಜಿ, ಹೊಸ ಶುಲ್ಕ, ಹೊಸ ಸಂದರ್ಶನ. ಭೇಟಿ ವೀಸಾದ ಅರ್ಜಿ ಶುಲ್ಕವನ್ನು 2023ರ ಜೂನಿನಲ್ಲಿ 160 ಡಾಲರಿನಿಂದ 185 ಡಾಲರಿಗೆ ಏರಿಸಲಾಯಿತು. ವೀಸಾ ಸಿಗದಿದ್ದರೆ ಅದು ಹಿಂತಿರುಗುವುದಿಲ್ಲ. ಸರದಿಯೂ ಸಣ್ಣದಲ್ಲ. 2022ರ ಕೊನೆಯ ಹೊತ್ತಿಗೆ ನಮ್ಮ ದೇಶದ ಕೆಲವು ಕೇಂದ್ರಗಳಲ್ಲಿ ಮೊದಲ ಬಾರಿಯ ಭೇಟಿ ವೀಸಾಕ್ಕೆ ಎರಡು ವರ್ಷಕ್ಕೂ ಮೀರಿ ಕಾಯಬೇಕಾಗಿತ್ತು. ಹೀಗಿರುವಾಗ ಹಳೆಯ ಅರ್ಜಿಯನ್ನೇ ದಿನಾಂಕ ಬದಲಿಸಿ ಕೊಡುವುದು ಹಾಳು ಖರ್ಚು. ಏನು ಬದಲಾಗಿದೆ ಎಂದು ಕೇಳಿಯೇ ಕೇಳುತ್ತಾರೆ. ಬದಲಾದದ್ದು ಏನಾದರೂ ಇರಬೇಕು, ಅಥವಾ ಮೊದಲು ಹೇಳದೆ ಬಿಟ್ಟದ್ದು ಇರಬೇಕು.

221(ಜಿ) ಎಂಬ ಇನ್ನೊಂದು ಕಲಮಿನ ಕಾಗದ ಬಂದರೆ ಗಾಬರಿಯಾಗಬೇಕಾಗಿಲ್ಲ. ಯಾವುದೋ ದಾಖಲೆ ಕಡಿಮೆ ಇದೆ, ಅಥವಾ ವಿಚಾರಣೆ ಬಾಕಿ ಇದೆ ಎಂದು ಅದರ ಅರ್ಥ. ಕೇಳಿದ್ದನ್ನು ಒದಗಿಸಿದರೆ ಅದೇ ಅರ್ಜಿ ಮುಂದುವರಿಯುತ್ತದೆ. ನಮ್ಮ ಒಬ್ಬ ಸದಸ್ಯರು ಇದನ್ನು ನಿರಾಕರಣೆಯೆಂದೇ ತಿಳಿದು ಹೊಸ ಅರ್ಜಿಗೆ ಹಣ ಕಟ್ಟಲು ಹೊರಟಿದ್ದರು.

ಆ ದಂಪತಿಗಳ ಕಥೆ ಮುಂದುವರಿಸೋಣ. ಮಗುವಿನ ವರ್ಷದ ಹುಟ್ಟುಹಬ್ಬಕ್ಕೆ ಮುಂಚೆ, ಮುಂಗಾರಿನಲ್ಲಿ, ತಾಯಿಯೊಬ್ಬರೇ ಹೋಗಿ ಒಂಬತ್ತು ವಾರ ಇದ್ದು ಬರುವುದೆಂದು ಮನೆಯವರು ತೀರ್ಮಾನಿಸಿದರು. ಅಡಿಕೆಗೆ ಬೋರ್ಡೋ ಹೊಡೆಸುವ ಕಾಲದಲ್ಲಿ ಯಜಮಾನರು ತೋಟ ಬಿಡುವಂತಿರಲಿಲ್ಲ. ಈ ಬಾರಿ ಅರ್ಜಿಯನ್ನು ಮಗಳು ಫೋನಿನಲ್ಲಿ ಓದಿ ಹೇಳಿ, ಅಮ್ಮನೇ ಎದುರಿಗೆ ಕುಳಿತು ತುಂಬಿಸಿದರು. ಮೂರು ವರ್ಷದ ಮಾರಾಟದ ಲೆಕ್ಕ ಕೂಡಿಸಿ ಸರಾಸರಿ ತೆಗೆದು ಬರೆದರು. ಹಿಂದೆ ವೀಸಾ ನಿರಾಕರಿಸಲಾಗಿದೆಯೇ ಎಂಬ ಪ್ರಶ್ನೆಗೆ ಹೌದೆಂದೇ ಉತ್ತರ ಕೊಟ್ಟರು. ಸಂದರ್ಶನದಲ್ಲಿ ಅಧಿಕಾರಿ, ಕಳೆದ ಬಾರಿಗೂ ಈಗಿಗೂ ವ್ಯತ್ಯಾಸವೇನೆಂದು ಕೇಳಿದರಂತೆ. "ಆಗ ನಮ್ಮ ಲೆಕ್ಕ ಸರಿಯಾಗಿ ಹೇಳಲಿಲ್ಲ, ಈಗ ಹೇಳುತ್ತೇನೆ" ಎಂದು ಎಕರೆ, ಬೆಳೆ, ಸರಾಸರಿ ವರಮಾನ, ಹಿಂತಿರುಗುವ ವಾರ ಇಷ್ಟನ್ನು ನಾಲ್ಕು ವಾಕ್ಯದಲ್ಲಿ ಹೇಳಿದರು. ವೀಸಾ ಆಯಿತು. ಹತ್ತು ವರ್ಷದ್ದು. ಒಂಬತ್ತು ವಾರವೆಂದವರು ಒಂಬತ್ತು ವಾರಕ್ಕೇ ಬಂದರು. ಮಗು ಅಜ್ಜಿಯ ಸೊಂಟ ಬಿಟ್ಟು ಇಳಿಯಲೊಲ್ಲದೆ ವಿಮಾನ ನಿಲ್ದಾಣದಲ್ಲಿ ರಂಪ ಮಾಡಿತಂತೆ.

ಒಬ್ಬರೇ ಹೋದರೆ ಸಿಗುತ್ತದೆ, ಒಂಬತ್ತು ವಾರ ಎಂದರೆ ಸಿಗುತ್ತದೆ ಎಂದು ಇದನ್ನು ಯಾರೂ ಸೂತ್ರ ಮಾಡಿಕೊಳ್ಳಬಾರದು. ಅವರು ಹೇಳಿದ್ದು ಅವರ ಮನೆಯ ನಿಜಸ್ಥಿತಿ, ಅದು ಅವರಿಗೆ ಒಪ್ಪಿತು. ಇನ್ನೊಂದು ಮಾತು. ವೀಸಾ ಹತ್ತು ವರ್ಷದ್ದೆಂದರೆ ಹತ್ತು ವರ್ಷ ಅಲ್ಲಿರಬಹುದೆಂದಲ್ಲ. ಒಂದು ಸಲ ಹೋದಾಗ ಎಷ್ಟು ದಿನ ಇರಬಹುದೆಂಬುದನ್ನು ಅಲ್ಲಿ ಇಳಿದಾಗ ವಲಸೆ ಅಧಿಕಾರಿ ತೀರ್ಮಾನಿಸುತ್ತಾರೆ. ಆ ದಿನಾಂಕ ಮೀರಬಾರದು. ಮೀರಿದವರ ಮುಂದಿನ ಅರ್ಜಿಯನ್ನು ಯಾವ ಕಾಗದವೂ ಉಳಿಸದು.

ಬೆಳೆಗಾರನ ಕಾಗದ ಏಕೆ ತೆಳ್ಳಗಿದೆ

ಸಂಬಳದವನಿಗೆ ತಿಂಗಳ ಚೀಟಿ ಇದೆ, ರಜೆ ಮಂಜೂರಾತಿ ಪತ್ರ ಇದೆ, ತೆರಿಗೆ ವಿವರ ಇದೆ. ನಮಗೆ? ಪೂಲ್ ಪದ್ಧತಿ ಇದ್ದ ಕಾಲದಲ್ಲಿ ಕಾಫಿ ಮಂಡಳಿಯಿಂದ ಕಂತುಕಂತಾಗಿ ಬರುತ್ತಿದ್ದ ಹಣದ ಲೆಕ್ಕವಾದರೂ ಒಂದು ದಾಖಲೆಯಾಗಿತ್ತು. ತಡವಾಗಿ ಬರುತ್ತದೆಂದು ಬೈದುಕೊಳ್ಳುತ್ತಿದ್ದೆವು, ಅದು ಬೇರೆ. 1996ರಲ್ಲಿ ಪೂಲ್ ಪೂರ್ತಿ ಮುಗಿದ ಮೇಲೆ ಕಣದಲ್ಲೇ ತೂಕ, ಕಣದಲ್ಲೇ ಹಣ. ಬಿಲ್ಲು ಕೇಳುವವರು ಕಡಿಮೆ, ಕೊಡುವವರು ಇನ್ನೂ ಕಡಿಮೆ. ನಗದಿನಲ್ಲಿ ಮಾರಿದ ಮಾಲು ವೀಸಾ ಅಧಿಕಾರಿಯ ಮಟ್ಟಿಗೆ ಬೆಳೆದೇ ಇಲ್ಲ.

ಬ್ಯಾಂಕಿನ ಲೆಕ್ಕದ ಸಂಗತಿ ಇನ್ನೂ ವಿಚಿತ್ರ. ಸಾಮಾನ್ಯವಾಗಿ ಕೊಡುವುದು ಹಿಂದಿನ ಆರು ತಿಂಗಳ ಲೆಕ್ಕ. ನಾವು ಬಿಡುವಾದಾಗ, ಅಂದರೆ ಸೆಪ್ಟೆಂಬರ್ ಅಕ್ಟೋಬರಿನಲ್ಲಿ, ಅರ್ಜಿ ಹಾಕುತ್ತೇವೆ. ಆ ಆರು ತಿಂಗಳಲ್ಲಿ ಏನಿರುತ್ತದೆ? ಗೊಬ್ಬರಕ್ಕೆ ತೆಗೆದದ್ದು, ಮೈಲುತುತ್ತಕ್ಕೆ ತೆಗೆದದ್ದು, ವಾರವಾರದ ಬಟವಾಡೆ, ಮಕ್ಕಳ ಫೀಸು, ಬೆಳೆ ಸಾಲದ ಬಡ್ಡಿ. ಬಂದದ್ದು ಸೊನ್ನೆ. ಫೆಬ್ರವರಿಯಿಂದ ಏಪ್ರಿಲಿನವರೆಗೆ ಬಂದ ಹಣ ಆ ಹಾಳೆಗಳಲ್ಲಿ ಬಹುಪಾಲು ಕಾಣುವುದೇ ಇಲ್ಲ. ನೋಡಿದವರಿಗೆ ಇದು ಮುಳುಗುತ್ತಿರುವ ಸಂಸಾರವೆಂದು ತೋರಿದರೆ ಅವರ ತಪ್ಪಲ್ಲ. ಆದ್ದರಿಂದ ಹನ್ನೆರಡು ತಿಂಗಳ, ಸಾಧ್ಯವಾದರೆ ಎರಡು ಬೆಳೆವರ್ಷದ ಲೆಕ್ಕ ಇಡುವುದು, ಜೊತೆಗೆ ಒಂದು ಪುಟದಲ್ಲಿ ನಮ್ಮ ಬೆಳೆಯ ಹಣ ಯಾವ ತಿಂಗಳಲ್ಲಿ ಬರುತ್ತದೆ, ಯಾವ ತಿಂಗಳಲ್ಲಿ ಹೋಗುತ್ತದೆ ಎಂದು ಸರಳವಾಗಿ ಬರೆದಿಡುವುದು ಉತ್ತಮ. 2024-25ರ ಹಾಗೆ ಕಾಫಿಗೆ ಎಂದೂ ಕಾಣದ ಬೆಲೆ ಬಂದ ವರ್ಷದ ಮೊತ್ತವೊಂದನ್ನೇ ತೋರಿಸಿದರೂ ಅನುಮಾನ ಬಂದೀತು. ಹಿಂದಿನ ವರ್ಷಗಳನ್ನೂ ಜೊತೆಗಿಟ್ಟು ಸರಾಸರಿ ಹೇಳಬೇಕು.

ತೆರಿಗೆಯ ವಿಷಯ. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. 1961ರ ಕಾಯ್ದೆಯ 10(1)ನೇ ಕಲಮಿನಲ್ಲಿದ್ದ ಈ ವಿನಾಯಿತಿಯನ್ನು 2025ರ ಹೊಸ ಕಾಯ್ದೆಯಲ್ಲೂ ಉಳಿಸಲಾಗಿದೆ. ತಾನೇ ಬೆಳೆದ ಕಾಫಿಯನ್ನು ಕ್ಯೂರಿಂಗ್ ಮಾಡಿಸಿ ಮಾರಿದರೆ ಆ ಆದಾಯದ ಶೇಕಡ 25 ಭಾಗ ತೆರಿಗೆಯ ಲೆಕ್ಕಕ್ಕೆ ಬರುತ್ತದೆಂಬುದು ಬಲ್ಲವರಿಗೆ ಗೊತ್ತು. ತೆರಿಗೆ ಇಲ್ಲವೆಂದು ನಮ್ಮಲ್ಲಿ ಬಹುಮಂದಿ ರಿಟರ್ನನ್ನೇ ಸಲ್ಲಿಸುವುದಿಲ್ಲ. ತೆರಿಗೆ ಕಟ್ಟಬೇಕಾಗಿಲ್ಲದಿದ್ದರೂ, ವಿನಾಯಿತಿ ಆದಾಯವೆಂದು ತೋರಿಸಿ ವರ್ಷವರ್ಷವೂ ರಿಟರ್ನ್ ಸಲ್ಲಿಸಿದವರಿಗೆ ಅದೇ ಒಂದು ಭದ್ರವಾದ ದಾಖಲೆ. ವೀಸಾಕ್ಕಾಗಿ ಹಿಂದಿನ ವಾರ ಅವಸರದಲ್ಲಿ ಮೂರು ವರ್ಷದ್ದನ್ನು ಒಟ್ಟಿಗೆ ಸಲ್ಲಿಸಿದರೆ ಅದರ ಬಣ್ಣ ಬೇರೆಯೇ ಕಾಣುತ್ತದೆ.

ಇನ್ನು ಜಮೀನು. ತಂದೆ ತೀರಿಹೋಗಿ ಹದಿನೈದು ವರ್ಷವಾದರೂ ಪಹಣಿಯಲ್ಲಿ ಅವರದೇ ಹೆಸರು. ಪೌತಿ ಖಾತೆ ಮಾಡಿಸಲು ಅಣ್ಣತಮ್ಮಂದಿರು ಒಂದು ದಿನ ಒಟ್ಟಿಗೆ ತಾಲೂಕು ಕಚೇರಿಗೆ ಹೋಗಲು ಬಿಡುವಿಲ್ಲ. ಪಾಲುಪತ್ರ ಆಗಿದ್ದರೂ ರಿಜಿಸ್ಟರ್ ಆಗಿರುವುದಿಲ್ಲ. ಪಹಣಿಯಲ್ಲಿ "ಬಿನ್", "ಕೋಂ" ಎಂದು ಇರುವ ಹೆಸರಿಗೂ ಪಾಸ್‌ಪೋರ್ಟಿನ ಹೆಸರಿಗೂ ತಾಳೆಯಾಗುವುದಿಲ್ಲ. ಒಂದರಲ್ಲಿ ಮನೆತನದ ಹೆಸರು ಮುಂದೆ, ಇನ್ನೊಂದರಲ್ಲಿ ಇಂಗ್ಲಿಷ್ ಅಕ್ಷರವೊಂದು ಮಾತ್ರ. ಇಂಥಲ್ಲಿ ಎರಡೂ ಒಬ್ಬರೇ ಎಂಬ ಪ್ರಮಾಣಪತ್ರ ಮಾಡಿಸಬೇಕು. ಪಹಣಿ ಕನ್ನಡದಲ್ಲಿದೆ. ಬ್ರಿಟನ್ನಿನ ಅರ್ಜಿಗೆ ಇಂಗ್ಲಿಷಿನಲ್ಲಿಲ್ಲದ ಯಾವ ದಾಖಲೆ ಇಟ್ಟರೂ ಪೂರ್ತಿ ಭಾಷಾಂತರ ಜೊತೆಗಿರಬೇಕು. ಇಲ್ಲದಿದ್ದರೆ ಅದನ್ನು ಅವರು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗಿಲ್ಲ. ವೀಸಾ ಹಾಗಿರಲಿ, ಖಾತೆ ಸರಿಮಾಡಿಸಿಕೊಳ್ಳುವುದು ಹೇಗೂ ಆಗಬೇಕಾದ ಕೆಲಸ. ಬೆಳೆ ಸಾಲದ ಸಮಯದಲ್ಲಿ ಇದೇ ಮಾತನ್ನು ಎಷ್ಟು ಸಲ ಹೇಳಿದ್ದೇವೋ!

ಬ್ರಿಟನ್, ಮೆಣಸಿನ ಮುಂಗಡ

ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಭೇಟಿ ವೀಸಾಕ್ಕೆ ಮುಖಾಮುಖಿ ಪ್ರಶ್ನೋತ್ತರ ಇಲ್ಲ. ಕಾಗದವೇ ಮಾತಾಡಬೇಕು. ಅದಕ್ಕೆ ತಕ್ಕಂತೆ ನಿರಾಕರಿಸಿದಾಗ ಕಾರಣ ವಿವರಿಸಿ ಪತ್ರ ಕೊಡುತ್ತಾರೆ. ಇದು ಉಪಕಾರವೇ ಸರಿ. ಬಂಧುಗಳನ್ನು ನೋಡಲು ಹೋಗುವವರಿಗೆ ಹಿಂದೆ ಅಲ್ಲಿ ಪೂರ್ಣ ಮೇಲ್ಮನವಿಯ ಹಕ್ಕಿತ್ತು. 2013ರ ಜೂನ್ 25ರಿಂದ ಅದನ್ನು ತೆಗೆದುಹಾಕಿದರು. ಈಗ ಸಾಮಾನ್ಯರಿಗೆ ಉಳಿದಿರುವ ದಾರಿ ಹೊಸ ಅರ್ಜಿಯೇ. ಆರು ತಿಂಗಳ ಭೇಟಿ ವೀಸಾದ ಶುಲ್ಕ 2025ರ ಏಪ್ರಿಲ್ 9ರಿಂದ 127 ಪೌಂಡ್ ಆಯಿತು. ಅರ್ಜಿ ಹಾಕುವ ದಿನದ ದರವನ್ನು ನೋಡಿಕೊಳ್ಳಬೇಕು.

ನಮ್ಮ ಸದಸ್ಯರೊಬ್ಬರ ಮಗನ ಘಟಿಕೋತ್ಸವ ಜುಲೈಯಲ್ಲಿ. ಮೇ ತಿಂಗಳಲ್ಲಿ ಅರ್ಜಿ ಹಾಕಿದರು. ನಿರಾಕರಣೆಯ ಪತ್ರದಲ್ಲಿದ್ದ ಮುಖ್ಯ ಕಾರಣ ಒಂದೇ. ಅರ್ಜಿಗೆ ಮೂರು ವಾರ ಮುಂಚೆ ಖಾತೆಗೆ 6 ಲಕ್ಷ ರೂಪಾಯಿ ಒಮ್ಮೆಲೇ ಬಂದಿದೆ, ಅದರ ಮೂಲ ತೋರಿಸಿಲ್ಲ, ಆದ್ದರಿಂದ ಈ ಹಣ ನಿಜವಾಗಿ ನಿಮ್ಮ ಕೈಯಲ್ಲಿರುವುದೆಂದು ನಂಬುವಂತಿಲ್ಲ. ಸದಸ್ಯರು ಕೆಂಡವಾದರು. "ನನ್ ಮೆಣಸು ನಾನ್ ಮಾರಿದ್ದು, ಇವ್ರಿಗೆ ಯಾಕ್ ಲೆಕ್ಕ ಕೊಡ್ಬೇಕು?" ಮೆಣಸು ಮಾರಿದ ಮುಂಗಡವದು. ಆದರೆ ಆ ಕಾಗದದಲ್ಲಿ ಮೆಣಸೆಂಬ ಶಬ್ದವೇ ಇರಲಿಲ್ಲವಲ್ಲ! ಸಾಲ ತಂದು ಖಾತೆಯಲ್ಲಿ ತೋರಿಸಿ, ಆಮೇಲೆ ಹಿಂತಿರುಗಿಸುವ ಪದ್ಧತಿ ಎಲ್ಲ ಕಡೆಯೂ ಉಂಟು. ಅದನ್ನು ಎಷ್ಟೋ ನೋಡಿದವರ ಕಣ್ಣಿಗೆ ಇದೂ ಹಾಗೆಯೇ ಕಂಡಿತು.

ಅವರ ಕೋಪ ಇಳಿದ ಮೇಲೆ ಕೆಲಸಕ್ಕೆ ಕುಳಿತೆವು. ವ್ಯಾಪಾರಿಯಿಂದ ಬಿಲ್ಲು, ತೂಕದ ಚೀಟಿ, ಹಿಂದಿನ ಎರಡು ವರ್ಷ ಅದೇ ವ್ಯಾಪಾರಿಗೆ ಮೆಣಸು ಹಾಕಿದ ಲೆಕ್ಕ, ಪಹಣಿ ಮತ್ತದರ ಭಾಷಾಂತರ, ಮಗನ ವಿಶ್ವವಿದ್ಯಾನಿಲಯದಿಂದ ಘಟಿಕೋತ್ಸವದ ದಿನಾಂಕದ ಪತ್ರ. ನಿರಾಕರಣೆಯ ಪತ್ರದ ಒಂದೊಂದು ವಾಕ್ಯಕ್ಕೂ ಒಂದೊಂದು ಉತ್ತರ, ಉತ್ತರದ ಪಕ್ಕದಲ್ಲಿ ದಾಖಲೆಯ ಪುಟಸಂಖ್ಯೆ. ಎರಡೇ ಪುಟ. ಬೇಗ ತೀರ್ಮಾನವಾಗಲೆಂದು ಹೆಚ್ಚುವರಿ ಶುಲ್ಕವನ್ನೂ ಕಟ್ಟಿದರು. ಘಟಿಕೋತ್ಸವಕ್ಕೆ ಎರಡು ದಿನವಿರುವಾಗ ಪಾಸ್‌ಪೋರ್ಟು ಕೈಗೆ ಬಂತು. ಆ ಮಳೆಯಲ್ಲಿ ಘಾಟಿ ಇಳಿದು ವಿಮಾನ ಹಿಡಿದದ್ದು ಇನ್ನೊಂದು ಸಾಹಸ. ಮಗ ಗೌನು ತೊಟ್ಟ ಚಿತ್ರವನ್ನು ಸಂಘದ ಕಟ್ಟೆಯ ಮೇಲೆ ನಾವೆಲ್ಲ ನೋಡಿದ್ದೇವೆ.

ಯುರೋಪಿನ ಷೆಂಗೆನ್ ದೇಶಗಳು

ಕಾಫಿಯವರಿಗೆ ಯುರೋಪು ದೂರದ ಊರಲ್ಲ. ನಮ್ಮ ಕಾಫಿಯನ್ನು ಎಲ್ಲರಿಗಿಂತ ಹೆಚ್ಚು ಕೊಳ್ಳುವುದು ಇಟಲಿ. 2023ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ವಿಶ್ವ ಕಾಫಿ ಸಮ್ಮೇಳನ ನಡೆದು ಹೊರದೇಶದವರು ನಮ್ಮಲ್ಲಿಗೆ ಬಂದಮೇಲೆ, ನಮ್ಮ ತರುಣ ಬೆಳೆಗಾರರಿಗೂ ಅಲ್ಲಿಗೆ ಹೋಗಿ ನೋಡುವ ಹುಮ್ಮಸ್ಸು ಬಂದಿದೆ. ಒಳ್ಳೆಯದೇ.

ಷೆಂಗೆನ್ ವೀಸಾ 2009ರ ವೀಸಾ ಸಂಹಿತೆಯ ಪ್ರಕಾರ ನಡೆಯುತ್ತದೆ. 180 ದಿನಗಳಲ್ಲಿ 90 ದಿನದವರೆಗೆ ಇರಬಹುದು. ಮುಖ್ಯವಾಗಿ ಯಾವ ದೇಶಕ್ಕೆ ಹೋಗುತ್ತೀರೋ ಅಲ್ಲಿಗೇ ಅರ್ಜಿ. ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಬೇಕು. 2024ರ ಜೂನ್ 11ರಿಂದ ಶುಲ್ಕ 90 ಯೂರೋ. ನಿರಾಕರಿಸಿದರೆ ಮುದ್ರಿತ ನಮೂನೆಯಲ್ಲಿ ಕಾರಣಕ್ಕೆ ಗುರುತು ಹಾಕಿ ಕೊಡುತ್ತಾರೆ. ಇಲ್ಲಿ ಮೇಲ್ಮನವಿಯ ಹಕ್ಕು ಉಂಟು, ಆದರೆ ಆಯಾ ದೇಶದ ಕಾನೂನಿನ ಪ್ರಕಾರ. ಜರ್ಮನಿಯಲ್ಲಿ ಕಾನ್ಸುಲೇಟಿಗೇ ಪುನರ್ವಿಮರ್ಶೆಗೆ ಬರೆದುಕೊಳ್ಳುವ ಸುಲಭ ವಿಧಾನವೊಂದಿತ್ತು. ಅದನ್ನು 2025ರ ಜುಲೈ 1ರಿಂದ ನಿಲ್ಲಿಸಿದ್ದಾರೆ. ಕೋರ್ಟಿನ ದಾರಿ ಇದೆ, ಹೊಸ ಅರ್ಜಿಯ ದಾರಿ ಇದೆ. ಮೇಲ್ಮನವಿ ಇತ್ಯರ್ಥವಾಗುವುದರೊಳಗೆ ಹೋಗಬೇಕಾದ ಕಾರ್ಯಕ್ರಮವೇ ಮುಗಿದಿರುವುದು ಹೆಚ್ಚು.

ನಮ್ಮ ಪೈಕಿ ಒಬ್ಬ ತರುಣರು 2024ರ ಜೂನಿನಲ್ಲಿ ಕೋಪನ್‌ಹೇಗನ್ನಿನಲ್ಲಿ ನಡೆದ ವರ್ಲ್ಡ್ ಆಫ್ ಕಾಫಿ ಪ್ರದರ್ಶನಕ್ಕೆ ಹೋಗಲು ಅರ್ಜಿ ಹಾಕಿ ನಿರಾಶರಾದರು. ಪ್ರಯಾಣದ ಉದ್ದೇಶ ಸಮರ್ಥಿಸಿಲ್ಲವೆಂಬ ಕಾರಣಕ್ಕೆ ಗುರುತು ಬಿದ್ದಿತ್ತು. ಅವರು ಇಟ್ಟದ್ದು ಪ್ರದರ್ಶನದ ಪ್ರವೇಶ ಚೀಟಿ ಮತ್ತು ಹೋಟೆಲಿನ ಬುಕಿಂಗ್ ಮಾತ್ರ. ಕಾಫಿ ಬೆಳೆಗಾರನೆಂದು ಬರೆದಿದ್ದರು, ಜಮೀನೆಲ್ಲ ತಂದೆಯ ಹೆಸರಿನಲ್ಲಿತ್ತು. ಮರುವರ್ಷ ಪ್ರದರ್ಶನ ಜಿನೀವಾದಲ್ಲಿ. ಸ್ವಿಟ್ಜರ್ಲೆಂಡ್ ಬೇರೆ ದೇಶವಾದರೂ ಷೆಂಗೆನ್ನಿಗೆ ಸೇರಿದ್ದು. ನಿರಾಕರಣೆಯ ದಾಖಲೆ ಅವರ ಸಾಮಾನ್ಯ ಗಣಕ ವ್ಯವಸ್ಥೆಯಲ್ಲಿ ಐದು ವರ್ಷ ಇರುತ್ತದೆ. ಆದ್ದರಿಂದ ಆ ದೇಶವಲ್ಲದಿದ್ದರೆ ಈ ದೇಶ ಎಂದು ಹಾರುವುದರಿಂದ ಏನೂ ಮುಚ್ಚಿಹೋಗುವುದಿಲ್ಲ. ಈ ಸಲ ಅವರು ಹಿಂದಿನ ನಿರಾಕರಣೆಯನ್ನು ತಾವಾಗಿಯೇ ಹೇಳಿಕೊಂಡರು. ಮಾದರಿ ಕಾಫಿ ತರಿಸಿಕೊಂಡಿದ್ದ ಅಲ್ಲಿಯ ರೋಸ್ಟರೊಬ್ಬರ ಪತ್ರ, ಕ್ಯೂರಿಂಗ್ ವರ್ಕ್ಸಿನ ಲೆಕ್ಕ, ತೋಟದ ನೋಂದಣಿ, ತೋಟವನ್ನು ಮಗ ನೋಡಿಕೊಳ್ಳುತ್ತಿದ್ದಾನೆ, ಖರ್ಚು ನಾನು ಕೊಡುತ್ತೇನೆ ಎಂದು ತಂದೆಯ ಹೇಳಿಕೆ ಹಾಗೂ ಅವರ ಬ್ಯಾಂಕ್ ಲೆಕ್ಕ, ಸಂಘದ ಪತ್ರ, ಇಷ್ಟನ್ನು ಇಟ್ಟರು. ಹನ್ನೆರಡು ದಿನದ ವೀಸಾ ಸಿಕ್ಕಿತು. ಸಣ್ಣದಾಯಿತೆಂದು ಅವರು ಗೊಣಗಿದರು. ಎರಡು ವೀಸಾಗಳನ್ನು ಮೂರು ವರ್ಷದೊಳಗೆ ಸರಿಯಾಗಿ ಉಪಯೋಗಿಸಿದ ಭಾರತೀಯರಿಗೆ ಎರಡು ವರ್ಷದ, ಆಮೇಲೆ ಐದು ವರ್ಷದ ವೀಸಾ ಕೊಡಬಹುದೆಂದು 2024ರ ಏಪ್ರಿಲಿನಲ್ಲಿ ನಿಯಮವಾಗಿದೆ. ಹನ್ನೆರಡು ದಿನ ಅದರ ಮೊದಲ ಮೆಟ್ಟಿಲು.

ಕೆನಡಾದ ವಿಷಯ ಚುಟುಕಾಗಿ. ಅಲ್ಲಿ ನೆಲೆಸಿದ ಮಕ್ಕಳ ತಂದೆತಾಯಿ, ಅಜ್ಜಅಜ್ಜಿಯರಿಗೆ ಸೂಪರ್ ವೀಸಾ ಎಂಬುದೊಂದಿದೆ. 2022ರ ಜುಲೈಯಿಂದ ಒಂದು ಸಲಕ್ಕೆ ಐದು ವರ್ಷದವರೆಗೆ ಇರಲು ಅವಕಾಶ. ಮಕ್ಕಳ ವರಮಾನ, ವಿಮೆ ಮುಂತಾದ ಷರತ್ತುಗಳಿವೆ. ಸಾಮಾನ್ಯ ಭೇಟಿ ವೀಸಾ ಸಿಗದವರು ಇದನ್ನೂ ವಿಚಾರಿಸಬಹುದು.

ಸುಳ್ಳು ಕಾಗದ

ನಿರಾಕರಣೆಯಾದವರ ಮನೆಗೆ ಮರುವಾರವೇ ಯಾರೋ ಒಬ್ಬರು ಬರುತ್ತಾರೆ. "ನಮ್ಗೆ ಒಳಗೆ ಜನ ಇದಾರೆ, ಗ್ಯಾರಂಟಿ ಮಾಡಿಸ್ಕೊಡ್ತೀವಿ" ಎನ್ನುತ್ತಾರೆ. ಒಳಗೆ ಯಾರೂ ಇಲ್ಲ. ಇಂಥವರು ಮಾಡುವುದು ಮೂರು ಕೆಲಸ. ಹಿಂದಿನ ನಿರಾಕರಣೆಯನ್ನು ಮುಚ್ಚುವುದು, ಇಲ್ಲದ ಉದ್ಯೋಗ ಬರೆಯುವುದು, ಬ್ಯಾಂಕಿನ ಲೆಕ್ಕ ತಯಾರಿಸುವುದು. ಅಮೆರಿಕದಲ್ಲಿ ಬೇಕೆಂದು ಸುಳ್ಳು ಹೇಳಿದ್ದು ಸಿದ್ಧವಾದರೆ ಜೀವನಪರ್ಯಂತ ಅನರ್ಹತೆ. ಬ್ರಿಟನ್ನಿನಲ್ಲಿ ವಂಚನೆಗೆ ಹತ್ತು ವರ್ಷ, ಕೆನಡಾದಲ್ಲಿ ಐದು ವರ್ಷ. ಅರ್ಜಿಯ ಕೆಳಗೆ ಸಹಿ ನಿಮ್ಮದು, ಏಜೆಂಟರದಲ್ಲ. ಈ ದೇಶಗಳು ತಮ್ಮತಮ್ಮೊಳಗೆ ಮಾಹಿತಿ ಹಂಚಿಕೊಳ್ಳುವುದೂ ಉಂಟು. ನಿಜವಾದ ನಿರಾಕರಣೆಯೊಂದು ದಾಖಲೆಯಲ್ಲಿದ್ದರೆ ಅದು ಗಾಯ, ವಾಸಿಯಾಗುತ್ತದೆ. ಸುಳ್ಳು ಸಿಕ್ಕಿಬಿದ್ದರೆ ಅದು ಬೇರು ಕೊಳೆತ ಗಿಡ.

ಏಜೆಂಟರೆಲ್ಲ ಕೆಟ್ಟವರೆಂದು ನಾವು ಹೇಳುವುದಿಲ್ಲ. ತುಂಬಿದ ಅರ್ಜಿಯನ್ನು ಪೂರ್ತಿ ಓದಿಸಿ ಕೇಳದೆ ಸಹಿ ಮಾಡಬೇಡಿ ಎಂದಷ್ಟೇ ಹೇಳುತ್ತೇವೆ. ತಿಂಗಳ ವರಮಾನ 20,000 ಎಂದು ಬರೆದವರೂ ಕೇಡು ಬಗೆದು ಬರೆದದ್ದಲ್ಲ.

ಎಲ್ಲರಿಗೂ ಎರಡನೆಯ ಬಾರಿಗೆ ಸಿಕ್ಕಿಬಿಡುತ್ತದೆಯೇ? ಇಲ್ಲ. ನಮ್ಮ ಹಿರಿಯ ಸದಸ್ಯೆಯೊಬ್ಬರಿಗೆ ಎಪ್ಪತ್ತು ದಾಟಿದೆ. ಯಜಮಾನರು ಹೋಗಿ ಎಂಟು ವರ್ಷ. ಇಬ್ಬರು ಗಂಡುಮಕ್ಕಳೂ ಅಮೆರಿಕದಲ್ಲಿ. ನೋಡಿಕೊಳ್ಳಲಾಗದೆ ಅರ್ಧ ತೋಟ ಮಾರಿದರು, ಉಳಿದದ್ದನ್ನು ಗುತ್ತಿಗೆಗೆ ಕೊಟ್ಟಿದ್ದಾರೆ. ಎರಡು ಸಲ ಅರ್ಜಿ ಹಾಕಿ ಎರಡು ಸಲವೂ ಆಗಲಿಲ್ಲ. ಮೂರನೆಯ ಬಾರಿಗೆ ಏನು ಬರೆಯೋಣವೆಂದು ಬಂದಾಗ, ಕಾಗದಗಳನ್ನೆಲ್ಲ ನೋಡಿ, ಸದ್ಯಕ್ಕೆ ಹಣ ಕಟ್ಟಬೇಡಿ ಅಮ್ಮ ಎಂದೆವು. ಬದಲಾದದ್ದು ಏನೂ ಇರಲಿಲ್ಲ. ಹಿಂತಿರುಗಲು ಇರುವ ಕಾರಣಗಳು ಕಾಗದದ ಮೇಲೆ ವರ್ಷವರ್ಷಕ್ಕೆ ಕಡಿಮೆಯಾಗುತ್ತಿದ್ದವು. "ಅಲ್ಲಿ ಉಳ್ಕೊಂಡು ನಾನೇನ್ ಮಾಡ್ಲಿ ಮಾರಾಯ್ರೆ, ನನ್ ದೇವರ ಮನೆ ಇಲ್ಲಿ, ನನ್ ದನ ಇಲ್ಲಿ" ಎಂದರು. ಆ ಮಾತು ನಮಗೆ ಸಾಕು. ಅರ್ಜಿಯಲ್ಲಿ ಅದಕ್ಕೆ ಜಾಗವಿಲ್ಲ. ಆ ಡಿಸೆಂಬರಿನಲ್ಲಿ ದೊಡ್ಡ ಮಗನೇ ಮಕ್ಕಳನ್ನು ಕರೆದುಕೊಂಡು ಬಂದರು. ಮೊಮ್ಮಕ್ಕಳು ಕಣದಲ್ಲಿ ಹಣ್ಣು ಹರಡಿ ಆಡುತ್ತಿದ್ದುದನ್ನು ಕಂಡೆವು.

ಸಂಘದಿಂದ ದೊರೆಯುವ ಪತ್ರಗಳು

ಮಾಲು ಹಾಕಿದ ಸದಸ್ಯರಿಗೆ ಹಿಂದಿನ ಮೂರು ಬೆಳೆವರ್ಷಗಳ ಮಾರಾಟದ ದೃಢೀಕರಣ ಪತ್ರವನ್ನು ಕೇಳಿದರೆ ಇಂಗ್ಲಿಷಿನಲ್ಲಿ ಕೊಡುತ್ತೇವೆ. ರಾಶಿ ಇಡಿ, ಬೆಟ್ಟೆ, ಸರಕು, ಕಾಫಿ, ಮೆಣಸು ಎಂದು ಬೇರೆ ಬೇರೆಯಾಗಿ ತೂಕವನ್ನೂ ಪಾವತಿಯಾದ ಮೊತ್ತವನ್ನೂ ಅದರಲ್ಲಿ ಕಾಣಿಸುತ್ತೇವೆ. ಪುಸ್ತಕದಲ್ಲಿರುವುದನ್ನು ಮಾತ್ರ ಬರೆಯುತ್ತೇವೆ. "ಒಂದೆರಡು ಸೊನ್ನೆ ಸೇರಿಸಿ" ಎಂದು ಯಾರೂ ಕೇಳಬಾರದಾಗಿ ಕೋರುತ್ತೇವೆ. ಅರ್ಜಿ ಬರೆದುಕೊಡುವುದು ಸಂಘದ ಕೆಲಸವಲ್ಲ. ಆದರೆ ತುಂಬಿದ ಅರ್ಜಿಯನ್ನೋ ನಿರಾಕರಣೆಯ ಪತ್ರವನ್ನೋ ತಂದರೆ ಓದಿ ಅರ್ಥ ಹೇಳಲು ಅಡ್ಡಿಯಿಲ್ಲ. ದೃಢೀಕರಣ ಬೇಕಾದವರು ಸದಸ್ಯತ್ವ ಪುಸ್ತಕ ಮತ್ತು ಪಾಸ್‌ಪೋರ್ಟಿನ ನಕಲು ತರಬೇಕು, ಹೆಸರಿನ ಅಕ್ಷರಗಳನ್ನು ತಾಳೆ ನೋಡುವುದಕ್ಕಾಗಿ. ಕುಯ್ಲಿನ ತಿಂಗಳುಗಳಲ್ಲಿ ಗುಮಾಸ್ತರು ಬೆಳಿಗ್ಗೆಯೆಲ್ಲ ತೂಕದ ಮನೆಯಲ್ಲಿರುವುದರಿಂದ ಮಧ್ಯಾಹ್ನ ಮೂರರ ಮೇಲೆ ಬರುವುದು ಅನುಕೂಲ. ಒಂದು ವಾರ ಮುಂಚಿತವಾಗಿ ಕೇಳಿದರೆ ಇನ್ನೂ ಒಳ್ಳೆಯದು.